ಅರ್ಜಿಗೆ ಗಡುವು, ಕಾರ್ಖಾನೆಗೆ ಇಲ್ಲ: ಕೊರೊನಾ ಕಾಲದ ಒಂದು ಪರಿಸರ ಅನುಮತಿಯ ಪ್ರಕರಣ

ಈ ಬರಹದಲ್ಲಿ ಊರು, ಕಂಪನಿ, ಜಿಲ್ಲೆ ಯಾವುದರ ಹೆಸರೂ ಇಲ್ಲ. ಜನರ ಗುರುತು ಹತ್ತುವಂಥ ವಿವರಗಳನ್ನು ತೆಗೆದಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಸರ್ಕಾರಿ ಆದೇಶಗಳ ದಿನಾಂಕ ಮತ್ತು ಕಾನೂನಿನ ಮಾತು ಮಾತ್ರ ಇದ್ದ ಹಾಗೇ ಇವೆ. ನಾನು ಆ ಊರಿನವನಲ್ಲ. ಕಾಗದಪತ್ರ ಓದಿ ಅರ್ಥ ಹೇಳುವುದಕ್ಕೆ ಕರೆದಿದ್ದರು, ಹಾಗೆ ಸೇರಿಕೊಂಡವನು.

ಹಿನ್ನೆಲೆ

ಕಲ್ಯಾಣ ಕರ್ನಾಟಕದ ಒಂದು ಒಣಬೇಸಾಯದ ಊರು. ಕಪ್ಪು ಮಣ್ಣು, ತೊಗರಿ, ಜೋಳ, ಸ್ವಲ್ಪ ಹತ್ತಿ. ಊರ ಪಕ್ಕ ಒಂದು ಹಳ್ಳ, ಅದರ ಕೆಳಗೆ ಹಳೆಯ ಕೆರೆ. ಕುಡಿಯುವ ನೀರಿಗೆ ಕೊಳವೆಬಾವಿಯೇ ಗತಿ. ಸ್ವಲ್ಪ ದೂರದಲ್ಲಿ ಸರ್ಕಾರ ಗುರುತಿಸಿದ ಕೈಗಾರಿಕಾ ಪ್ರದೇಶವಿದೆ. ಅದರ ಬೇಲಿಯ ಆಚೆ, ಅಂದರೆ ಕೈಗಾರಿಕಾ ಪ್ರದೇಶದ ಹೊರಗೆ, ಒಂದು ಕಂಪನಿ ರೈತರಿಂದ ಹೊಲ ಕೊಂಡಿತು. ಗೋದಾಮು ಬರುತ್ತದೆ ಎಂದು ಊರಲ್ಲಿ ಸುದ್ದಿ. ನಿಜವಾಗಿ ಬರಲಿದ್ದದ್ದು ಬಲ್ಕ್ ಡ್ರಗ್ ಘಟಕ. ಮಾತ್ರೆಯ ಒಳಗಿನ ಅಸಲು ಔಷಧಿಯ ಪುಡಿಯನ್ನು ತಯಾರಿಸುವ ಕಾರ್ಖಾನೆ.

ಬೇಲಿಯ ಒಳಗೆ, ಹೊರಗೆ ಎಂಬುದು ಇಲ್ಲಿ ಸಣ್ಣ ವಿಷಯವಲ್ಲ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ ಇಂಥ ರಾಸಾಯನಿಕ ಘಟಕ ಕೈಗಾರಿಕಾ ಪ್ರದೇಶದ ಒಳಗಿದ್ದರೆ 'ಬಿ' ವರ್ಗ, ರಾಜ್ಯ ಮಟ್ಟದಲ್ಲೇ ಪರಿಶೀಲನೆ. ಅನುಮತಿ ಪಡೆದ ಕೈಗಾರಿಕಾ ಪ್ರದೇಶವಾದರೆ ಅಹವಾಲು ಸಭೆಯೂ ಬೇಕಿಲ್ಲ. ಹೊರಗಿದ್ದರೆ 'ಎ' ವರ್ಗ. ಆಗ ದೆಹಲಿಯ ತಜ್ಞರ ಸಮಿತಿ ನೋಡಬೇಕು, ಪರಿಸರ ಪರಿಣಾಮ ವರದಿ ಬೇಕು, ಊರಲ್ಲಿ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಸಭೆಗೆ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಜಿಲ್ಲಾಧಿಕಾರಿಯೋ ಅವರ ಪರವಾಗಿ ಹಿರಿಯ ಅಧಿಕಾರಿಯೋ ಕೂತು ಜನರ ಮಾತನ್ನು ಬರೆಸಿಕೊಳ್ಳಬೇಕು.

ಕಂಪನಿ ಮೊದಲು ಈ ದಾರಿಯನ್ನೇ ಹಿಡಿದಿತ್ತು. 2019ರ ಕೊನೆಗೆ ಟಿಒಆರ್ ಪಡೆದಿತ್ತು. ಅಧ್ಯಯನದಲ್ಲಿ ಏನೇನು ಇರಬೇಕು ಎಂದು ಹೇಳುವ ಪತ್ರ ಅದು. ಚಳಿಗಾಲದಲ್ಲಿ ಯಾರೋ ಬಂದು ಊರ ಬಾವಿಗಳಿಂದ ನೀರು ತುಂಬಿಕೊಂಡು ಹೋಗಿದ್ದು ಕೆಲವರಿಗೆ ನೆನಪಿತ್ತು. "ಸರ್ವೇದವರು ಬಂದಿದ್ರು" ಅಂತ ಹೇಳುತ್ತಿದ್ದರು. ಅದರ ಬೆಲೆ ಗೊತ್ತಾಗಿದ್ದು ತುಂಬಾ ತಡವಾಗಿ.

ನಿಯಮ ಸಡಿಲವಾದದ್ದು

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಮಾರ್ಚ್ 27ಕ್ಕೆ ಕೇಂದ್ರ ಪರಿಸರ ಸಚಿವಾಲಯ 2006ರ ಅಧಿಸೂಚನೆಗೆ ಒಂದು ತಿದ್ದುಪಡಿ ತಂದಿತು. ಬಲ್ಕ್ ಡ್ರಗ್ ಮತ್ತು ಅವುಗಳ ಮಧ್ಯಂತರ (ಅಸಲು ಔಷಧಿಗೆ ಮೊದಲಿನ ಹಂತದ) ರಾಸಾಯನಿಕ ತಯಾರಿಸುವ ಯೋಜನೆಗಳಿಗೆ 2020ರ ಸೆಪ್ಟೆಂಬರ್ 30ರ ಒಳಗೆ ಅರ್ಜಿ ಹಾಕಿದರೆ 'ಬಿ2' ವರ್ಗ. ಬಿ2 ಅಂದರೆ ಪರಿಣಾಮ ವರದಿ ಬೇಡ, ಅಹವಾಲು ಸಭೆ ಬೇಡ, ದೆಹಲಿಗೂ ಹೋಗಬೇಕಿಲ್ಲ. ರಾಜ್ಯದ ಪ್ರಾಧಿಕಾರ ವಿಡಿಯೊ ಸಭೆಯಲ್ಲಿ ನೋಡಿ ತೀರ್ಮಾನಿಸಬಹುದು.

ಈ ತಿದ್ದುಪಡಿಯ ಹಿಂದಿನ ಅಗತ್ಯ ಸುಳ್ಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾತ್ರೆಗಳ ಕಚ್ಚಾವಸ್ತುವಿನ ದೊಡ್ಡ ಪಾಲು ಚೀನಾದಿಂದ ಬರುತ್ತಿತ್ತು. ಆ ಸರಬರಾಜು ನಿಂತರೆ ಏನು ಗತಿ ಎಂಬ ಭಯ ಎಲ್ಲರಿಗೂ ಇತ್ತು. ಅದೇ ಮಾರ್ಚ್‌ನಲ್ಲಿ ದೇಶದೊಳಗೇ ಬಲ್ಕ್ ಡ್ರಗ್ ತಯಾರಿಸಲು 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೂ ಕೇಂದ್ರ ಒಪ್ಪಿಗೆ ಕೊಟ್ಟಿತು. ಔಷಧಿ ಬೇಕು ಎನ್ನುವುದರಲ್ಲಿ ಜಗಳವಿಲ್ಲ.

ಜಗಳ ಇರುವುದು ಸಡಿಲಿಕೆಯ ರೂಪದಲ್ಲಿ. ಗಡುವು ಹಾಕಿದ್ದು ಅರ್ಜಿಗೆ. ಅರ್ಜಿಯ ಮೇಲೆ ಸಿಗುವ ಅನುಮತಿಗೆ ಅಂಥ ಗಡುವು ಇಲ್ಲ. ಆಗಿನ ನಿಯಮದಂತೆ ಏಳು ವರ್ಷದೊಳಗೆ ಉತ್ಪಾದನೆ ಶುರು ಮಾಡಿದರೆ ಆಯಿತು, ಆಮೇಲೆ ಕಾರ್ಖಾನೆ ನಡೆಯುತ್ತಲೇ ಇರುತ್ತದೆ. ರೋಗ ಹೋದ ಮೇಲೂ, ಮಾಸ್ಕ್ ಮರೆತ ಮೇಲೂ. ಅರ್ಜಿಯ ಗಡುವಾದರೂ ನಿಂತಿತೇ? ಅದೂ ಇಲ್ಲ. ಮೊದಲು 2021ರ ಮಾರ್ಚ್ 30ಕ್ಕೆ, ಆಮೇಲೆ 2021ರ ಡಿಸೆಂಬರ್ 31ಕ್ಕೆ ಮುಂದೆ ಹೋಯಿತು. ತಿದ್ದುಪಡಿ ಬಂದ ವಾರವೇ, 2020ರ ಮಾರ್ಚ್ 26ಕ್ಕೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಕಂಪನಿಗಳ ತಪಾಸಣೆ, ವರದಿಗಳ ವಿಷಯದಲ್ಲಿ ಬಿಗಿ ಸಡಿಲಿಸಿತ್ತು. ಅಲ್ಲಿ ದೊಡ್ಡ ಗಲಾಟೆಯಾಗಿ, ಕೆಲವು ರಾಜ್ಯಗಳು ಕೋರ್ಟಿಗೆ ಹೋಗಿ, ಆಗಸ್ಟ್ 31ಕ್ಕೆ ಅದು ಮುಗಿಯಿತು. ಅದು ವರದಿ ಕೊಡುವುದರಲ್ಲಿನ ಸಡಿಲಿಕೆ, ಮುಗಿದರೆ ಮುಗಿಯಿತು. ನಮ್ಮದು ಅನುಮತಿ ಕೊಡುವುದರಲ್ಲಿನ ಸಡಿಲಿಕೆ. ಅದು ಕಟ್ಟಡವಾಗಿ ನಿಂತುಬಿಡುತ್ತದೆ.

ಇನ್ನೊಂದು ಮಾತು. ಇಂಥ ತಿದ್ದುಪಡಿಗೆ ಸಾಮಾನ್ಯವಾಗಿ ಕರಡು ಹೊರಡಿಸಿ, ಆಕ್ಷೇಪಣೆಗೆ 60 ದಿನ ಕೊಡಬೇಕು. ಆದರೆ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ, ಸಾರ್ವಜನಿಕ ಹಿತದೃಷ್ಟಿಯಿಂದ ಇದನ್ನು ಬಿಡಬಹುದು ಎಂಬ ಅವಕಾಶವಿದೆ. ಮಾರ್ಚ್ 27ರ ತಿದ್ದುಪಡಿ ಆ ದಾರಿಯಲ್ಲಿ ಬಂತು. ಬಂದ ದಿನವೇ ಜಾರಿ.

ಅದೇ ಹೊತ್ತಿಗೆ ಎಲ್ಲರ ಕಣ್ಣು ಬೇರೆ ಕಡೆ ಇತ್ತು. 'ಇಐಎ 2020' ಎಂಬ ದೊಡ್ಡ ಕರಡು ಅದೇ ಮಾರ್ಚ್‌ನಲ್ಲಿ ಹೊರಬಂದಿತ್ತು. ಅದನ್ನು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಹೊರಡಿಸಿ, ಲಾಕ್‌ಡೌನ್‌ನಲ್ಲಿ ಅಭಿಪ್ರಾಯ ಕೇಳಿದ್ದು ದೇಶದಾದ್ಯಂತ ಸಿಟ್ಟು ತರಿಸಿತು. ಜೂನ್ 30ಕ್ಕೆ ದೆಹಲಿ ಹೈಕೋರ್ಟ್ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಸಚಿವಾಲಯಕ್ಕೆ ಲಕ್ಷಗಟ್ಟಲೆ ಪತ್ರ ಹೋದವು. ಆ ಕರಡು ಕರಡಾಗಿಯೇ ಉಳಿಯಿತು. ಒಳ್ಳೆಯ ಹೋರಾಟ, ಅದರಲ್ಲಿ ಅನುಮಾನ ಬೇಡ. ಆದರೆ ಈ ಊರಿನ ಹಣೆಬರಹ ಬರೆದದ್ದು ಆ ದೊಡ್ಡ ಕರಡಲ್ಲ. ಬಂದ ದಿನವೇ ಜಾರಿಯಾದ, ಯಾರೂ ಜಾಸ್ತಿ ಮಾತಾಡದ, ನಾಲ್ಕು ಸಾಲಿನ ಆ ತಿದ್ದುಪಡಿ. ಅದು ಬಂದ ಎರಡೇ ವಾರದಲ್ಲಿ 100ಕ್ಕೂ ಹೆಚ್ಚು ಪ್ರಸ್ತಾಪ ಬಂದಿವೆ ಎಂದು ಸಚಿವಾಲಯವೇ ಹೆಮ್ಮೆಯಿಂದ ಪ್ರಕಟಿಸಿತ್ತು.

ನಮ್ಮ ಕಂಪನಿಯೂ ಹಳೆಯ ಅರ್ಜಿ ಬಿಟ್ಟು, ಬಿ2 ಅಡಿಯಲ್ಲಿ ಹೊಸ ಅರ್ಜಿ ಹಾಕಿತು. ಆಗಸ್ಟ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು. ಉತ್ಪನ್ನಗಳ ಪಟ್ಟಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಔಷಧಿಗಳ ರಾಸಾಯನಿಕಗಳೂ ಇದ್ದವು. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿಯೇ ಇದೆ ಎನ್ನುವುದು ಕಂಪನಿಯ ಮಾತು. ಆ ದಿನದ ಕಾನೂನಿನ ಪ್ರಕಾರ ಅದನ್ನು ತಳ್ಳಿಹಾಕುವುದೂ ಸುಲಭವಿರಲಿಲ್ಲ.

ಪಂಚಾಯಿತಿಯ ಫೈಲು

ಅನುಮತಿ ಸಿಕ್ಕಿದ ಏಳು ದಿನದೊಳಗೆ ಎರಡು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಕೊಟ್ಟಿದ್ದರು, ಒಳಪುಟದಲ್ಲಿ, ಬೆರಳಗಲದ್ದು. ಅನುಮತಿಯ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕಳಿಸಬೇಕು, ಪಂಚಾಯಿತಿ ಅದನ್ನು 30 ದಿನ ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಳಿಸಿದ್ದರು. ಆದರೆ ಆಗ ಪಂಚಾಯಿತಿಯಲ್ಲಿ ಸದಸ್ಯರೇ ಇರಲಿಲ್ಲ. 2020ರ ಮಧ್ಯದಲ್ಲಿ ರಾಜ್ಯದ ಬಹುತೇಕ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದಿತ್ತು, ಕೊರೊನಾ ಕಾರಣಕ್ಕೆ ಚುನಾವಣೆ ಮುಂದೆ ಹೋಗಿತ್ತು, ಆಡಳಿತಾಧಿಕಾರಿಗಳು ನೋಡಿಕೊಳ್ಳುತ್ತಿದ್ದರು. ಒಬ್ಬೊಬ್ಬ ಅಧಿಕಾರಿಗೆ ಹಲವು ಪಂಚಾಯಿತಿ, ಮೇಲೆ ಕ್ವಾರಂಟೈನ್ ಕೆಲಸ. ಆ ಕಾಗದ ನೋಟಿಸ್ ಬೋರ್ಡಿಗೆ ಬರಲಿಲ್ಲ, ಫೈಲಿಗೆ ಹೋಯಿತು.

ಒಂದೇ ನಿಯಮ ಸಡಿಲವಾಗಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲವೇನೋ. ಒಂದು ಕಡೆ ಅಹವಾಲು ಸಭೆ ಹೋಯಿತು. ಇನ್ನೊಂದು ಕಡೆ, ಕೇಳಬೇಕಾದ ಪಂಚಾಯಿತಿಯೇ ಇಲ್ಲ. ಮತ್ತೊಂದು ಕಡೆ, ಜನ ಗುಂಪು ಸೇರುವ ಹಾಗಿಲ್ಲ. ಇವು ಮೂರೂ ಬೇರೆ ಬೇರೆ ಇಲಾಖೆಯ ಬೇರೆ ಬೇರೆ ನಿರ್ಧಾರ. ಯಾರೂ ಕೂತು ಸಂಚು ಮಾಡಿದ್ದಲ್ಲ. ಆದರೂ ಊರಿನ ಬಾಯಿಗೆ ಬೀಗ ಬಿತ್ತು.

ಡಿಸೆಂಬರ್ 22 ಮತ್ತು 27ಕ್ಕೆ ಎರಡು ಹಂತದಲ್ಲಿ ಚುನಾವಣೆ ನಡೆಯಿತು. ಹೊಸದಾಗಿ ಗೆದ್ದ ಸದಸ್ಯೆಯೊಬ್ಬರು 2021ರ ಫೆಬ್ರವರಿಯಲ್ಲಿ ನೀರಿನ ಪೈಪಿನ ಬಿಲ್ಲು ಹುಡುಕುವಾಗ ಈ ಪ್ರತಿ ಸಿಕ್ಕಿತು. ಇಂಗ್ಲಿಷ್‌ನಲ್ಲಿತ್ತು. ಊರಿನ ನಿವೃತ್ತ ಮಾಸ್ತರರಿಗೆ ತೋರಿಸಿದರು. ಅಷ್ಟರಲ್ಲಿ ಕಾಂಪೌಂಡು ಎದ್ದು, ಒಳಗೆ ಕಟ್ಟಡ ಅರ್ಧಕ್ಕೆ ಬಂದಿತ್ತು.

ಆ ಕಾಗದ ಓದಿ ಎಲ್ಲರಿಗಿಂತ ಮೊದಲು ವಿಷಯ ಹಿಡಿದವನು ಲಾಕ್‌ಡೌನ್‌ನಲ್ಲಿ ಊರಿಗೆ ವಾಪಸ್ ಬಂದಿದ್ದ ಒಬ್ಬ ಯುವಕ. ಹೈದರಾಬಾದ್ ಪಕ್ಕದ ಬಲ್ಕ್ ಡ್ರಗ್ ಘಟಕದಲ್ಲಿ ಕೆಲವು ವರ್ಷ ರಿಯಾಕ್ಟರ್ ಮುಂದೆ ದುಡಿದಿದ್ದ. ಸಾಲ್ವೆಂಟ್ (ರಾಸಾಯನಿಕ ಕರಗಿಸುವ ದ್ರವ) ವಾಸನೆ, ರಾತ್ರಿ ಹೊರಡುವ ಟ್ಯಾಂಕರ್, ಮಳೆ ಬಂದಾಗ ಚರಂಡಿಗೆ ಏನಾಗುತ್ತದೆ, ಎಲ್ಲ ಗೊತ್ತಿದ್ದವನು. ಮೊದಲ ಸಭೆಯಲ್ಲಿ ಅವನು ಹೇಳಿದ ಮಾತೇ ಮುಂದಿನದಕ್ಕೆಲ್ಲ ದಾರಿ ಮಾಡಿತು. "ಮಾಸ್ತರ, ಕಾರ್ಖಾನಿ ಬ್ಯಾಡ ಅನ್ನೋದು ಆಮ್ಯಾಲ ನೋಡೂಣ್ರಿ. ಅದು ಚಾಲೂ ಆಗೂಕಿಂತ ಮೊದ್ಲ ನಮ್ಮ ಬಾವಿ ನೀರು ಹ್ಯಾಂಗೈತಿ ಅಂತ ಬರದಿಟ್ಕೋರಿ. ನಾಳಿ ನೀರು ಕೆಟ್ರ, ಇಲ್ಲಿ ನೀರ ಹಿಂಗ ಅಂತಾರ ಅವ್ರು."

ಎರಡು ದಾರಿ

ಊರಿನ ಮುಂದೆ ಒಂದು ಕಾನೂನಿನ ದಾರಿ ಇನ್ನೂ ತೆರೆದಿತ್ತು. ಅದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಪರಿಸರ ಅನುಮತಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಆಗಸ್ಟ್‌ನ ಅನುಮತಿಗೆ ಲೆಕ್ಕ ಹಾಕಿದರೆ ನವೆಂಬರ್‌ಗೆ ಬಾಗಿಲು ಮುಚ್ಚಿತ್ತು. ತಾಲ್ಲೂಕಿನ ವಕೀಲರೊಬ್ಬರು ಹಾಗೇ ಹೇಳಿ ಕೈಬಿಟ್ಟಿದ್ದರು. ಆದರೆ ಕೊರೊನಾ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದಲೇ ಎಲ್ಲ ಕೋರ್ಟು, ನ್ಯಾಯಮಂಡಳಿಗಳ ಗಡುವನ್ನು ನಿಲ್ಲಿಸಿತ್ತು. 2021ರ ಮಾರ್ಚ್ 8ರ ಆದೇಶದಲ್ಲಿ, ಈ ಅವಧಿಯಲ್ಲಿ ಗಡುವು ಮುಗಿದವರಿಗೆ ಮಾರ್ಚ್ 15ರಿಂದ 90 ದಿನ ಕೊಟ್ಟಿತು. ಎರಡನೇ ಅಲೆ ಬಂದಾಗ ಮತ್ತೆ ಗಡುವು ನಿಲ್ಲಿಸಿ, 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕದಿಂದ ಬಿಟ್ಟಿತು. ಅಂದರೆ ಕಂಪನಿಗೆ ಸುಲಭ ಮಾಡಿಕೊಟ್ಟ ರೋಗವೇ ಊರಿಗೂ ಸ್ವಲ್ಪ ಸಮಯ ಕೊಟ್ಟಿತ್ತು. ಈ ಎರಡನೆಯದನ್ನು ಹೇಳುವವರು ಕಡಿಮೆ, ಅಷ್ಟೇ.

ಹಾಕಿದರೆ ಏನೆಂದು ಹಾಕಬೇಕು? ಬಿ2 ವಿನಾಯಿತಿಯೇ ತಪ್ಪು ಎನ್ನುವಂತಿಲ್ಲ. ಕಾನೂನಿನ ಅಡಿ ಮಾಡಿದ ನಿಯಮವನ್ನೇ ರದ್ದು ಮಾಡುವ ಅಧಿಕಾರ ಹಸಿರು ನ್ಯಾಯಮಂಡಳಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ತಮಿಳುನಾಡಿನ ಸ್ಟರ್ಲೈಟ್ ತಾಮ್ರ ಕಾರ್ಖಾನೆಯ ಪ್ರಕರಣದಲ್ಲಿ ಹೇಳಿತ್ತು. ಅದಕ್ಕೆ ಹೈಕೋರ್ಟಿಗೆ ಹೋಗಬೇಕು. ನ್ಯಾಯಮಂಡಳಿಯ ಮುಂದೆ ನಿಲ್ಲುವಂಥ ಅಂಶ ಬೇರೆ ಇತ್ತು. ಆ ಯುವಕ ಪರಿಸರ ಅನುಮತಿಯ ಅರ್ಜಿಗಳಿರುವ ಸರ್ಕಾರಿ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ 2019ರ ಹಳೆಯ ಅರ್ಜಿ ತೆಗೆದ. ಅದರಲ್ಲಿ ಹಳ್ಳದ ಕೆಳಗಿನ ಕೆರೆಯನ್ನು ಕಂಪನಿಯೇ ನಮೂದಿಸಿತ್ತು. 2020ರ ಅರ್ಜಿಯಲ್ಲಿ ಅದೇ ಕಾಲಂ ಮುಂದೆ ಕೆರೆಯ ಸುದ್ದಿಯೇ ಇಲ್ಲ. ಮಾಹಿತಿ ಮುಚ್ಚಿಟ್ಟರೆ ಅನುಮತಿ ರದ್ದು ಮಾಡಲು ಅವಕಾಶವಿದೆ. ಇದು ಗಟ್ಟಿ ಅಂಶ.

ಊರು ಎರಡು ಹೋಳಾಯಿತು. ಕಟ್ಟಡದ ಕೆಲಸಕ್ಕೆ ಊರಿನವರೇ ಹೋಗುತ್ತಿದ್ದರು. ಬೆಂಗಳೂರು, ಹೈದರಾಬಾದಿನಿಂದ ಬಂದು ಕೈ ಕಟ್ಟಿ ಕೂತಿದ್ದ ಹುಡುಗರಿಗೆ ಮನೆ ಬಾಗಿಲಲ್ಲಿ ಕೂಲಿ ಸಿಕ್ಕಿತ್ತು. "ನೀವು ಪೆನ್ಶನ್ ತಗೋತೀರಿ ಮಾಸ್ತರ, ನಮಗ ಕೆಲ್ಸ ಬೇಕ್ರಿ" ಎಂದು ಒಬ್ಬ ನೇರವಾಗಿ ಹೇಳಿದ. ಮಾಸ್ತರರು ಉತ್ತರ ಕೊಡಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಊರಿಗೆ ನುಗ್ಗಿತು. ಆಸ್ಪತ್ರೆ, ಆಕ್ಸಿಜನ್, ಸಾವು. ಔಷಧಿ ಕಾರ್ಖಾನೆಯ ವಿರುದ್ಧ ಸಹಿ ಹಾಕಿ ಎಂದು ಮನೆಮನೆಗೆ ಹೋಗುವ ಧೈರ್ಯ ಆಗ ಯಾರಿಗಿತ್ತು?

ಕೊನೆಗೆ ಮೇಲ್ಮನವಿ ಹಾಕದಿರಲು ತೀರ್ಮಾನವಾಯಿತು. ಈ ತೀರ್ಮಾನ ತಪ್ಪು ಎಂದೇ ನನ್ನ ಅಭಿಪ್ರಾಯ, ಆಗಲೂ ಹೇಳಿದ್ದೆ. ಕೆರೆಯ ಅಂಶ ಒಂದನ್ನೇ ಹಿಡಿದು, ರದ್ದು ಮಾಡಿ ಎನ್ನದೆ, ಅನುಮತಿಗೆ ಷರತ್ತು ಸೇರಿಸಿ ಎಂದು ಕೇಳಬಹುದಿತ್ತು. ನ್ಯಾಯಮಂಡಳಿಯ ದಕ್ಷಿಣ ಪೀಠವಿರುವ ಚೆನ್ನೈಗೆ ಓಡಾಡುವ ಖರ್ಚೂ ಇರಲಿಲ್ಲ, ವಿಚಾರಣೆ ವಿಡಿಯೊದಲ್ಲೇ ನಡೆಯುತ್ತಿತ್ತು. ಆದರೆ ಅವರ ಕಾರಣ ಪೊಳ್ಳಲ್ಲ. ಊರು ಒಡೆದರೆ ಮುಂದೆ ಯಾವ ಕೆಲಸವೂ ಆಗುವುದಿಲ್ಲ ಎಂದು ಸದಸ್ಯೆ ಹೇಳಿದರು. ದಿನಾ ಊರಿನವರ ಮುಖ ನೋಡಬೇಕಾದವರು ಅವರೇ ಅಲ್ವಾ.

ಹಾಗಾಗಿ ಉಳಿದದ್ದು ಯುವಕನ ದಾರಿ: ಮಾರ್ಚ್‌ನಲ್ಲೇ ಶುರು ಮಾಡಿದ್ದ ನೀರಿನ ಲೆಕ್ಕವನ್ನು ಮುಂದುವರಿಸಿ ಬರೆದಿಡುವುದು. ಇದಕ್ಕೆ ಎರಡೂ ಗುಂಪು ಒಪ್ಪಿತು. ನೀರು ಪರೀಕ್ಷೆ ಮಾಡಿಸುವುದಕ್ಕೆ ಯಾರಿಗೂ ತಕರಾರಿಲ್ಲ.

ನೀರಿನ ಲೆಕ್ಕ

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇರೆ ಊರಿನವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇದೇ.

ಪರಿಣಾಮ ವರದಿ ಎಂದರೆ ಜನ ಅಹವಾಲು ಸಭೆಯನ್ನಷ್ಟೇ ನೆನೆಯುತ್ತಾರೆ. ಆದರೆ ಅದರ ಹೊಟ್ಟೆಯಲ್ಲಿ ಇನ್ನೊಂದು ವಸ್ತು ಇರುತ್ತದೆ: ಕಾರ್ಖಾನೆ ಬರುವ ಮೊದಲು ಗಾಳಿ, ನೀರು, ಮಣ್ಣು ಹೇಗಿತ್ತು ಎಂಬ ದಾಖಲೆ. ಒಂದು ಋತುವಿನ ಮಾಪನ ಕಡ್ಡಾಯ. ವರದಿಯೇ ಬೇಡ ಎಂದಾಗ ಆ ದಾಖಲೆಯೂ ಬೇಡವಾಯಿತು. ಸಭೆಯನ್ನು ಮುಂದೆ ಎಂದಾದರೂ ಮಾಡಬಹುದು. ಕಾರ್ಖಾನೆಗೆ ಮೊದಲಿನ ನೀರನ್ನು ಆಮೇಲೆ ಅಳೆಯಲಾಗುವುದಿಲ್ಲ. ವಿನಾಯಿತಿಯ ದೊಡ್ಡ ನಷ್ಟ ಇದು ಎಂದು ನನಗನ್ನಿಸುತ್ತದೆ, ಇದರ ಬಗ್ಗೆ ಆಗ ಯಾರೂ ಕೂಗಲಿಲ್ಲ.

ಕಪ್ಪು ಮಣ್ಣಿನ ಈ ಭಾಗದಲ್ಲಿ ನೀರು ಮೊದಲೇ ಗಡಸು, ಹಲವು ಕಡೆ ಫ್ಲೋರೈಡ್ ಕೂಡ ಇರುತ್ತದೆ. ಕುಡಿಯುವ ನೀರಿಗೆ ಕರಗಿದ ಲವಣದ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ 10500. ಈ ಊರಿನ ಕೆಲವು ಬಾವಿ ಮೊದಲಿನಿಂದಲೂ 500 ದಾಟಿದ್ದವು. ಹಾಗಾಗಿ ಬರೀ ಲವಣ ಅಳೆದರೆ ನಾಳೆ ಏನೂ ಸಾಬೀತಾಗುವುದಿಲ್ಲ. ಪಂಚಾಯಿತಿಗೆ ಬರುವ ಪರೀಕ್ಷಾ ಕಿಟ್ ಗಡಸುತನ, ಫ್ಲೋರೈಡ್, ನೈಟ್ರೇಟ್ ಇಂಥವನ್ನು ತೋರಿಸುತ್ತದೆ. ಕಾರ್ಖಾನೆಯ ಗುರುತು ಅಲ್ಲಿಲ್ಲ. ಅದಕ್ಕೆ ಸಿಒಡಿ ನೋಡಬೇಕು, ಅಮೋನಿಯಾ ನೋಡಬೇಕು, ಆಗುವುದಾದರೆ ಅರ್ಜಿಯಲ್ಲಿ ಹೆಸರಿಸಿದ ಸಾಲ್ವೆಂಟ್‌ಗಳನ್ನೂ ನೋಡಬೇಕು. ಸಿಒಡಿ ಎಂದರೆ ನೀರಿನಲ್ಲಿರುವ ಸಾವಯವ ವಸ್ತುವನ್ನು ಸುಡಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ. ಸ್ವಚ್ಛ ಅಂತರ್ಜಲದಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಏರಿದರೆ ಹೊರಗಿನಿಂದ ಏನೋ ಸೇರಿದೆ ಎಂದರ್ಥ.

ಬೇಸಿಗೆಯಲ್ಲಿ ಲವಣ ಏರುತ್ತದೆ, ಮಳೆಯ ನಂತರ ಇಳಿಯುತ್ತದೆ. ಒಂದೇ ಸಲ ಅಳೆದರೆ ಎದುರಿನವರು ಋತುವಿನ ಮೇಲೆ ಹಾಕುತ್ತಾರೆ. ಅದಕ್ಕೇ 2021ರ ಮಾರ್ಚ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಇನ್ನೊಮ್ಮೆ ತೆಗೆಸಿದರು. ಹಳ್ಳದ ಮೇಲ್ಭಾಗದ ಬಾವಿಗಳು, ಕೆಳಭಾಗದ ಬಾವಿಗಳು, ಕೆರೆ. ಮೇಲಿನದು ಯಾಕೆ? ಹೋಲಿಸಲು. ಕಾರ್ಖಾನೆಯ ಮೇಲಿರುವ ಬಾವಿ ಹಾಗೇ ಇದ್ದು ಕೆಳಗಿನದು ಮಾತ್ರ ಕೆಟ್ಟರೆ ವಾದಕ್ಕೆ ಜಾಗವಿರುವುದಿಲ್ಲ. ಮಾನ್ಯತೆ ಇರುವ ಪ್ರಯೋಗಾಲಯದವರೇ ಬಂದು ಮಾದರಿ ತೆಗೆದರು. ಪಿಡಿಒ ಮುಂದೆ ಪಂಚನಾಮೆ ಬರೆದು, ಸೀಲ್ ಹಾಕಿ, ಫೋಟೊ ತೆಗೆದು ಕಳಿಸಿದರು. ಖರ್ಚಿಗೆ ಮನೆಗೊಂದಿಷ್ಟು ವಂತಿಗೆ ಎತ್ತಿದರು. ಕೆಲಸ ಬೇಕು ಎಂದಿದ್ದ ಹುಡುಗನ ಮನೆಯಿಂದಲೂ ಬಂತು.

ಫಲಿತಾಂಶವನ್ನು ಬೀರುವಿನಲ್ಲಿ ಇಡಲಿಲ್ಲ. ಗ್ರಾಮಸಭೆಯಲ್ಲಿ ಓದಿ, ನಡವಳಿ ಪುಸ್ತಕದಲ್ಲಿ ಬರೆಸಿ, ಒಂದೊಂದು ಪ್ರತಿಯನ್ನು ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಳೀಯ ಕಚೇರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಂಡರು. ಮಾಸ್ತರರ ಹಟ ಅದು. ಸ್ವೀಕೃತಿ ಇಲ್ಲದ ಕಾಗದ ಕಾಗದವೇ ಅಲ್ಲ ಎನ್ನುವವರು ಅವರು.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಸ್ಥಾಪನಾ ಸಮ್ಮತಿಪತ್ರ, ಅಂದರೆ ಸಿಎಫ್‌ಇ, ಪಡೆದರು. ಅದರಲ್ಲಿ ಷರತ್ತುಗಳು ಚೆನ್ನಾಗಿಯೇ ಇದ್ದವು: ಒಂದು ಹನಿ ತ್ಯಾಜ್ಯನೀರೂ ಹೊರಗೆ ಬಿಡಬಾರದು, ಮಳೆನೀರಿನ ಚರಂಡಿ ಬೇರೆ ಇರಬೇಕು, ಸುತ್ತ ವೀಕ್ಷಣಾ ಕೊಳವೆಬಾವಿ ಕೊರೆಯಬೇಕು. ಇನ್ನು ಪರಿಸರ ಅನುಮತಿ ಪಡೆದ ಯಾವ ಕಂಪನಿಯೂ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ.

ಮಳೆಗಾಲ ಮತ್ತು ಆಮೇಲೆ

2022ರ ಆರಂಭದಲ್ಲಿ ಉತ್ಪಾದನೆ ಶುರುವಾಯಿತು. ಆಗಸ್ಟ್‌ನಲ್ಲಿ ಜೋರು ಮಳೆ. ಒಂದು ಬೆಳಿಗ್ಗೆ ಹಳ್ಳದಲ್ಲಿ ನೊರೆ, ಕೆಳಭಾಗದ ಎರಡು ಬಾವಿಯ ನೀರಿಗೆ ಘಾಟು. ಯುವಕ ಹೇಳಿದ್ದ ಹಾಗೇ ಕಂಪನಿಯ ಮೊದಲ ಉತ್ತರ: ಇಲ್ಲಿನ ನೀರೇ ಹೀಗೆ.

ಈ ಸಲ ಊರಿನವರ ಕೈಯಲ್ಲಿ ಹಳೆಯ ಅಂಕಿ ಇತ್ತು. ಜಂಟಿ ಪರಿಶೀಲನೆಗೆ ಬಂದ ಅಧಿಕಾರಿಗಳಿಗೆ ತೋರಿಸಿದರು. ಮೇಲಿನ ಬಾವಿಗಳು ಮೊದಲಿನಂತೆ, ಕೆಳಗಿನ ಎರಡರಲ್ಲಿ ಸಿಒಡಿ ಏರಿತ್ತು. ಮಳೆನೀರಿನ ಚರಂಡಿಯೂ ತ್ಯಾಜ್ಯನೀರಿನ ತೊಟ್ಟಿಯೂ ಒಂದು ಕಡೆ ಕೂಡುತ್ತಿದ್ದದ್ದು ಸಿಕ್ಕಿತು. ಕಂಪನಿಗೆ ನೋಟಿಸ್ ಹೋಯಿತು. ಚರಂಡಿ ಬೇರ್ಪಡಿಸಲು, ವೀಕ್ಷಣಾ ಬಾವಿ ಕೊರೆಯಲು, ಆ ಮನೆಗಳಿಗೆ ನೀರು ಕೊಡಲು ಆದೇಶವಾಯಿತು. ಕಾರ್ಖಾನೆ ಮುಚ್ಚಲಿಲ್ಲ. ಮುಚ್ಚಬೇಕೆಂದು ಊರಿನ ಹೆಚ್ಚಿನವರು ಕೇಳಿರಲೂ ಇಲ್ಲ.

ನಿಜವಾದ ತಿರುವು ಬಂದದ್ದು ಕಂಪನಿ ವಿಸ್ತರಣೆಗೆ ಹೊರಟಾಗ. 2020ರ ತಿದ್ದುಪಡಿಯಲ್ಲೇ ಒಂದು ಸಾಲಿತ್ತು: ಗಡುವಿನ ನಂತರದ ವಿಸ್ತರಣೆಯಾಗಲಿ ಉತ್ಪನ್ನ ಬದಲಾವಣೆಯಾಗಲಿ ಆಗಿನ ನಿಯಮದಂತೆ ನಡೆಯಬೇಕು. ವಿನಾಯಿತಿ ಮುಗಿದಿತ್ತು, ಜಾಗ ಕೈಗಾರಿಕಾ ಪ್ರದೇಶದ ಹೊರಗಿತ್ತು. ಮತ್ತೆ 'ಎ' ವರ್ಗ, ಮತ್ತೆ ಪೂರ್ತಿ ವರದಿ. 2023ರಲ್ಲಿ ಊರಿನ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿ ಅಹವಾಲು ಸಭೆ ನಡೆಯಿತು. ಮೊದಲ ಘಟಕಕ್ಕೆ ಸಿಗದ ಸಭೆ ಎರಡನೆಯದಕ್ಕೆ ಸಿಕ್ಕಿತು.

ಬಹಳ ಜನ ಮಾತಾಡಿದರು, ಕೆಲಸ ಕೇಳಿದವರೇ ಜಾಸ್ತಿ. ಮಾಸ್ತರರು ಒಂದೇ ಪ್ರಶ್ನೆ ಕೇಳಿದರು: 2019-20ರ ಚಳಿಗಾಲದಲ್ಲಿ ನಮ್ಮ ಬಾವಿಗಳಿಂದ ತೆಗೆದುಕೊಂಡು ಹೋದ ನೀರಿನ ಫಲಿತಾಂಶ ಎಲ್ಲಿ? ಅದನ್ನು ನಡವಳಿಯಲ್ಲಿ ಬರೆಸಿದರು, ಬರೆದದ್ದನ್ನು ಓದಿಸಿ ಕೇಳಿದರು. ಸಭೆಯ ನಡವಳಿ ತಜ್ಞರ ಸಮಿತಿಗೆ ಹೋಗುತ್ತದೆ, ಅಲ್ಲಿ ಎದ್ದ ಪ್ರತಿ ಪ್ರಶ್ನೆಗೂ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಕೊಟ್ಟರು. ಸಲಹಾ ಸಂಸ್ಥೆಯ ಕಡತದಲ್ಲಿ ಅಷ್ಟೂ ವರ್ಷ ಕೂತಿದ್ದ ಅಂಕಿಗಳು ಹೊರಬಂದವು. ಊರಿನವರು ವಂತಿಗೆ ಎತ್ತಿ 2021ರಲ್ಲಿ ಮಾಡಿಸಿದ ಪರೀಕ್ಷೆಗೂ ಅವಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇಲ್ಲಿನ ನೀರೇ ಹೀಗೆ ಎಂಬ ವಾದ ಕಂಪನಿಯ ಕಾಗದದಿಂದಲೇ ಬಿದ್ದುಹೋಯಿತು.

ವಿಸ್ತರಣೆಗೆ ಅನುಮತಿ ಸಿಕ್ಕಿತು. ಆದರೆ ಕೆರೆಯ ಕಡೆ ಅಂತರ ಬಿಡಬೇಕು, ಹೊರಗಿನ ವೀಕ್ಷಣಾ ಬಾವಿಗಳ ಮಾದರಿಯನ್ನು ಪಂಚಾಯಿತಿಯ ಎದುರು ತೆಗೆಯಬೇಕು ಎಂಬ ಷರತ್ತು ಸೇರಿತು. ಆ ಷರತ್ತಿಗೆ ಕಾನೂನಿನ ಬಲವಿದೆ. 2020ರಲ್ಲೇ ಸಭೆ ನಡೆದಿದ್ದರೆ ಇದೇ ಷರತ್ತು ಮೊದಲ ದಿನದಿಂದ ಇರುತ್ತಿತ್ತು, ಆ ಎರಡು ಬಾವಿ ಉಳಿಯುತ್ತಿದ್ದವು. ಸಭೆ ಎಂದರೆ ಯೋಜನೆಗೆ ಅಡ್ಡಗಾಲು ಎನ್ನುವವರು ಇದನ್ನು ಗಮನಿಸಬೇಕು. ಇಲ್ಲಿ ಯೋಜನೆ ನಿಲ್ಲಲಿಲ್ಲ, ಚರಂಡಿಯ ದಿಕ್ಕು ಬದಲಾಯಿತು ಅಷ್ಟೇ.

ಬೇರೆ ಊರಿನವರಿಗೆ

ಇಂಥದ್ದೇ ಪರಿಸ್ಥಿತಿ ಎದುರಾದವರು ನನ್ನನ್ನು ಮೊದಲು ಕೇಳುವುದು, ಕೋರ್ಟಿಗೆ ಹೋಗಬೇಕಾ ಎಂದು. ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಕಾರ್ಖಾನೆ ಚಾಲೂ ಆಗಿದೆಯೋ ಇಲ್ಲವೋ. ಆಗಿಲ್ಲ ಅಂದರೆ ಆ ವಾರವೇ ನೀರು ತೆಗೆಸಿ. ವಕೀಲರನ್ನು ಆಮೇಲೆ ಹುಡುಕಿದರೂ ನಡೆದೀತು, ಮೇಲ್ಮನವಿಯ 30 ದಿನ ಮಾತ್ರ ತಲೆಯಲ್ಲಿರಲಿ. ಈಗ ಗಡುವು ನಿಲ್ಲಿಸುವ ಆದೇಶ ಯಾವುದೂ ಇಲ್ಲ.

ಎರಡನೆಯದು, ವಿನಾಯಿತಿಯ ಆದೇಶವನ್ನು ಕೊನೆಯ ಸಾಲಿನವರೆಗೆ ಓದಿ. ಈ ಪ್ರಕರಣದಲ್ಲಿ ಊರಿಗೆ ಸಭೆ ದೊರಕಿಸಿದ್ದು ಯಾವ ಕೋರ್ಟೂ ಅಲ್ಲ, ಆ ವಿನಾಯಿತಿಯಲ್ಲೇ ಇದ್ದ ಒಂದು ಸಾಲು. ಕಂಪನಿ ಒಂದಲ್ಲ ಒಂದು ದಿನ ದೊಡ್ಡದಾಗಲು ಬಯಸುತ್ತದೆ. ಆಗ ಮತ್ತೆ ಬಾಗಿಲು ತಟ್ಟಬೇಕಾಗುತ್ತದೆ.

ಮತ್ತೆ ಪರಿವೇಶ್ ಪೋರ್ಟಲ್‌ನಲ್ಲಿ ಇದೇ ಜಾಗದ ಹಳೆಯ ಅರ್ಜಿಗಳನ್ನು ಹುಡುಕಿ. ಒಂದೇ ಕಂಪನಿ ಎರಡು ಕಾಲದಲ್ಲಿ ಎರಡು ಥರ ಬರೆದಿದ್ದರೆ ಅಲ್ಲಿ ನಿಮಗೆ ಏನೋ ಸಿಗುತ್ತದೆ.

ಸದ್ಯ ಊರಲ್ಲಿ ನಡೆಯುತ್ತಿರುವ ಜಗಳ ಬೇರೆ. ವರ್ಷಕ್ಕೆರಡು ಸಲದ ಪರೀಕ್ಷೆಗೆ ದುಡ್ಡು ಯಾರು ಕೊಡಬೇಕು? ಕಂಪನಿ ಕೊಡುತ್ತೇನೆ ಎನ್ನುತ್ತಿದೆ. ಯುವಕ ಬೇಡ ಎನ್ನುತ್ತಾನೆ, ಅವರ ದುಡ್ಡು ಬಂದರೆ ಅವರ ಪ್ರಯೋಗಾಲಯವೂ ಬರುತ್ತದೆ ಎಂದು. ಪಂಚಾಯಿತಿಯಲ್ಲಿ ಅದಕ್ಕೆ ಅನುದಾನವಿಲ್ಲ. ವಂತಿಗೆ ಕೊಡುವವರು ಕಡಿಮೆಯಾಗಿದ್ದಾರೆ, ಈಗ ಊರಿನ ಅರ್ಧಕ್ಕರ್ಧ ಮನೆಗೆ ಸಂಬಳ ಬರುವುದು ಅಲ್ಲಿಂದಲೇ.